ಬೈಕಿನ ಗಾಲಿಗೆ ತಕ್ಕ ಟೈರ್: ಅಳತೆ ಆರಿಸುವ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯ ಯಾವ ಟೈರ್ ಅಂಗಡಿ ಮುಂದಾದರೂ ಅರ್ಧ ತಾಸು ನಿಂತು ನೋಡಿ. ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ: "ಅಣ್ಣಾ, ಹಿಂದಿಂದು ಒಂದ್ ಸೈಜ್ ದಪ್ಪಂದು ಹಾಕ್ರಿ. ಗಾಡಿ ಭಾರೀ ಕಾಣಬೇಕ ನೋಡ್ರಿ."

ನಾನೂ ಹಾಗೆ ಹೇಳಿದವನೇ. ನನ್ನ 150 ಸಿಸಿ ಬೈಕಿಗೆ ಕಂಪನಿ ಕೊಟ್ಟಿದ್ದು 100/90-17. ನಾನು ಹಾಕಿಸಿದ್ದು 130/70-17. ಮೊದಲ ದಿನ ವಿದ್ಯಾನಗರದಿಂದ ಉಣಕಲ್ ಕೆರೆವರೆಗೆ ಸುಮ್ನೆ ಎರಡು ಸಲ ಓಡಾಡಿದೆ, ಅಂಗಡಿಗಳ ಗಾಜಿನಲ್ಲಿ ಗಾಡಿಯ ಅಂದ ನೋಡಿಕೊಳ್ಳುತ್ತ. ಎರಡನೇ ವಾರ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕಲಘಟಗಿ ಕಡೆ ಹೊರಟೆ. ರಸ್ತೆಯ ಪ್ರತಿ ಹಂಪ್‌ಗೂ ಹಿಂದಿನಿಂದ ಝರ್ರ್ ಅಂತ ಸದ್ದು. ನಿಲ್ಲಿಸಿ ಬಗ್ಗಿ ನೋಡಿದರೆ ಚೈನ್ ಇರುವ ಮಗ್ಗುಲಲ್ಲಿ ಟೈರಿನ ಮೈ ಸುತ್ತ ಬ್ಲೇಡಿನಿಂದ ಕೊರೆದಂಥ ಗೆರೆ. ಇನ್ನೊಂದಷ್ಟು ದೂರ ಹೋಗಿದ್ದರೆ ಒಳಗಿನ ದಾರ ಕಾಣುತ್ತಿತ್ತು.

"ಮತ್ತ ಅಂಗಡಿಯವರು ಏನೂ ಅನ್ನಲಿಲ್ಲೇನ್ರಿ?" ಅಂತ ಕೇಳಿದಳು. ಅಂದಿದ್ದ, ಪಾಪ. "ಕೂಡತೈತ್ರಿ, ಆದ್ರ..." ಅಂತ. ಆ 'ಆದ್ರ' ಮುಗಿಸಲು ನಾನೇ ಬಿಟ್ಟಿರಲಿಲ್ಲ. ಆ ಮಾತಿನ ಉಳಿದ ಭಾಗವನ್ನು ನಾನು ಆಮೇಲೆ ಕೇಳಿ, ಓದಿ, ಅಳೆದು ಕಲಿತೆ. ಅದೇ ಇಲ್ಲಿದೆ.

ಹೆಜ್ಜೆ 1: ಟೈರಿನ ಮೈಮೇಲೆ ಬರೆದಿರುವುದನ್ನು ಓದಿ

ಒದ್ದೆ ಬಟ್ಟೆಯಿಂದ ಟೈರಿನ ಮಗ್ಗುಲು ಒರೆಸಿ. 100/90-17 55ಪಿ ಅನ್ನುವ ರೀತಿಯ ಬರಹ ಸಿಗುತ್ತದೆ.

ಮೊದಲ 100 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯ 90 ಮಿಲಿಮೀಟರ್ ಅಲ್ಲ, ಶೇಕಡಾ. ಅಗಲದ ಶೇ 90ರಷ್ಟು ಟೈರಿನ ಗೋಡೆ ಎತ್ತರವಿದೆ ಅಂತ. ಇಲ್ಲಿ 100ರ ಶೇ 90, ಅಂದರೆ 90 ಎಂಎಂ. ಅದೇ 130/70 ಆದರೆ 130ರ ಶೇ 70, 91 ಎಂಎಂ. ಹೆಚ್ಚಿನವರು ಎಡವುವುದು ಇಲ್ಲೇ. '70 ಇದೆ, ಟೈರ್ ಗಿಡ್ಡ' ಅಂದುಕೊಳ್ಳುತ್ತಾರೆ. ಗಿಡ್ಡ ಅಲ್ಲ. ಕೊನೆಯ 17 ಅಂದರೆ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಒಂದೇ ಬರಹದಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರೂ ಬಂದವು. ಯಾರು ಮಾಡಿದ ವ್ಯವಸ್ಥೆಯೋ, ಸಂತೆಯಲ್ಲಿ ಸೇರು, ಕಿಲೋ, ಡಜನ್ ಒಟ್ಟಿಗೆ ಲೆಕ್ಕ ಹಾಕಿದಂತಿದೆ.

ನಡುವೆ ಅಡ್ಡಗೆರೆ ಇದ್ದರೆ ಸಾಮಾನ್ಯ ನೈಲಾನ್ ಟೈರ್, 'ಆರ್' ಅಕ್ಷರ ಇದ್ದರೆ ರೇಡಿಯಲ್, ಅಂದರೆ ಒಳಗಿನ ದಾರ ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ ಹಾಯ್ದಿರುವ ಟೈರ್. ಯಮಹಾ ಎಫ್‌ಝಡ್‌ನ ಹಿಂದಿನ ಗಾಲಿಯಲ್ಲಿ 140/60ಆರ್17 ಅಂತ ಇರುತ್ತದಲ್ಲ, ಅದು ರೇಡಿಯಲ್. ಹಳೆಯ ಗಾಡಿಗಳಲ್ಲಿ 2.75-18, 3.25-19 ಅಂತ ಇರುತ್ತದೆ. ಅಲ್ಲಿ ಅಗಲವೂ ಇಂಚಿನಲ್ಲೇ, ಶೇಕಡಾ ಇಲ್ಲ. ಗೋಡೆಯ ಎತ್ತರ ಹೆಚ್ಚುಕಡಿಮೆ ಅಗಲದಷ್ಟೇ ಅಂತ ಹಿಡಿಯಬೇಕು. 2.75 ಅಂದರೆ ಸುಮಾರು 70 ಎಂಎಂ, 3.25 ಅಂದರೆ ಸುಮಾರು 83 ಎಂಎಂ.

ಇನ್ನು ಕೊನೆಯ 55ಪಿ. ಇದನ್ನು ಯಾರೂ ನೋಡುವುದೇ ಇಲ್ಲ. ನಮ್ಮ ಕಡೆ ಬೈಕ್ ಅಂದರೆ ಅರ್ಧ ಟಂಟಂ ರಿಕ್ಷಾ ಇದ್ದಂತೆ. ಇಬ್ಬರು ಕೂರುತ್ತಾರೆ, ನಡುವೆ ಗೊಬ್ಬರದ ಚೀಲ, ಪಕ್ಕಕ್ಕೆ ಹಾಲಿನ ಕ್ಯಾನ್. ಆದ್ದರಿಂದ ಇದನ್ನು ನೋಡಲೇಬೇಕು. 55 ಅನ್ನುವುದು ಭಾರದ ಸಂಕೇತ. 47 ಅಂದರೆ 175 ಕಿಲೋ, 54 ಅಂದರೆ 212, 55 ಅಂದರೆ 218, 57 ಅಂದರೆ 230, 62 ಅಂದರೆ 265. ಒಂದು ಟೈರ್ ಸರಿಯಾದ ಹವಾ ಇದ್ದಾಗ ಹೊರಬಲ್ಲ ಗರಿಷ್ಠ ಭಾರ ಅದು. 'ಪಿ' ಅನ್ನುವುದು ವೇಗದ ಸಂಕೇತ, ಗಂಟೆಗೆ 150 ಕಿಮೀ. 'ಜೆ' ಅಂದರೆ 100, 'ಎಲ್' ಅಂದರೆ 120, 'ಎಸ್' ಅಂದರೆ 180.

ಒಂದು ಉದಾಹರಣೆ ಹೇಳುತ್ತೇನೆ. ಸ್ಪ್ಲೆಂಡರ್ ಪ್ಲಸ್‌ಗೆ ಮುಂದೆ ಹಿಂದೆ ಎರಡೂ 80/100-18. ಅಳತೆ ಒಂದೇ, ಆದರೆ ಮುಂದಿನದು 47ಪಿ, ಹಿಂದಿನದು 54ಪಿ. ಈಗ ಗಾಡಿಯ ತೂಕ 112 ಕಿಲೋ, ಇಬ್ಬರು ಸೇರಿ 140, ಚೀಲ 30. ಒಟ್ಟು 282. ಹಿಂದೆ ಆಳು ಕೂತು ಸಾಮಾನು ಹೇರಿದಾಗ ಮೂರರಲ್ಲಿ ಎರಡು ಪಾಲು ಹಿಂದಿನ ಗಾಲಿಗೇ ಬೀಳುತ್ತದೆ ಅಂತ ಹಿಡಿಯಿರಿ, 188 ಕಿಲೋ ಆಯಿತು. 54ರ ಟೈರಿಗೆ ಇದು ಸಲೀಸು. 'ಅಳತೆ ಒಂದೇ ಅಲ್ವಾ, ಸೋವಿ ಸಿಕ್ತು' ಅಂತ 47ರ ಟೈರ್ ಹಿಂದೆ ಹಾಕಿದ್ದರೆ? ಅದರ ತಾಕತ್ತು 175ಕ್ಕೇ ಮುಗಿಯಿತು. ಹೊಸ ಟೈರಿನ ಭಾರದ ಸಂಕೇತ ಕಂಪನಿ ಕೊಟ್ಟದ್ದಕ್ಕಿಂತ ಜಾಸ್ತಿ ಇರಬಹುದು. ಕಡಿಮೆ ಇರಬಾರದು.

ಹೆಜ್ಜೆ 2: ರಿಮ್ಮಿನ ಅಗಲ ಹುಡುಕಿ

ನಾನು ಬಿಟ್ಟ ಹೆಜ್ಜೆ ಇದೇ. 17 ಇಂಚಿನ ರಿಮ್ಮಿಗೆ 17 ಇಂಚಿನ ಟೈರ್ ಕೂರುತ್ತದೆ, ಅದು ಗೊತ್ತು. ಆದರೆ ರಿಮ್ಮಿಗೂ ಒಂದು ಅಗಲ ಇದೆ ಅನ್ನುವುದು ಅಷ್ಟಾಗಿ ಯಾರ ತಲೆಗೂ ಬರುವುದಿಲ್ಲ.

ಅಲಾಯ್ ಗಾಲಿಯಾದರೆ ಅದರ ಕೈಯ ಮೇಲೋ ಹವಾ ತುಂಬುವ ವಾಲ್ ಹತ್ತಿರವೋ ಅಚ್ಚು ಇರುತ್ತದೆ: 17, ಎಂಟಿ 2.50 ಅಂತ. ಎಂಟಿ ಅನ್ನುವುದು ರಿಮ್ಮಿನ ಅಂಚಿನ ಆಕಾರದ ಗುರುತು, ಆ 2.50 ರಿಮ್ಮಿನ ಅಗಲ, ಇಂಚಿನಲ್ಲಿ. ಕಡ್ಡಿ ಗಾಲಿಯಾದರೆ 1.60, 1.85, 2.15 ಅನ್ನುವ ಅಂಕಿ ಇರುತ್ತದೆ. ಹಳೆಯ ಮಿಸ್ತ್ರಿಗಳು ಡಬ್ಲ್ಯೂಎಂ1, ಡಬ್ಲ್ಯೂಎಂ2, ಡಬ್ಲ್ಯೂಎಂ3 ಅನ್ನುವುದು ಈ ಮೂರಕ್ಕೇ. ಅಚ್ಚು ಅಳಿಸಿದ್ದರೆ ಟೈರ್ ಬಿಚ್ಚಿದಾಗ ಅಳೆಯಿರಿ. ಹೊರಗಿನ ಅಂಚಿನಿಂದ ಅಂಚಿಗಲ್ಲ, ಒಳಗೆ ಟೈರಿನ ತುಟಿ ಒರಗುವ ಗೋಡೆಯಿಂದ ಗೋಡೆಗೆ.

ಯಾವ ಟೈರಿಗೆ ಎಷ್ಟು ಅಗಲದ ರಿಮ್ ಅನ್ನುವುದಕ್ಕೆ ಟೈರ್ ಕಂಪನಿಗಳ ಪಟ್ಟಿಯೇ ಇದೆ. ನಮಗೆ ಬೇಕಾದ ಅಳತೆಗಳಷ್ಟನ್ನು ಹೇಳುತ್ತೇನೆ. 80/100 ಟೈರಿಗೆ 1.60ರಿಂದ 2.15. 90/90ಕ್ಕೆ 1.85ರಿಂದ 2.50. 100/90ಕ್ಕೆ 2.15ರಿಂದ 2.75. 110/80ಕ್ಕೆ 2.15ರಿಂದ 3.00. 120/80ಕ್ಕೆ 2.50ರಿಂದ 3.00. 130/70ಕ್ಕೆ ಸರಿಯಾದದ್ದು 3.50, ಕನಿಷ್ಠ 3.00 ಆದರೂ ಬೇಕು. 140/70ಕ್ಕೆ 3.50ರಿಂದ 4.50.

ನನ್ನ ರಿಮ್ 2.50. ಅದರ ಮೇಲೆ 130 ಹೇರಿದ್ದೆ. ಆಗೇನಾಯಿತು ಅಂದರೆ, ಮಾಗಿದ ಆಪೂಸ್ ಹಣ್ಣನ್ನು ತೊಟ್ಟಿನ ಬುಡದಲ್ಲಿ ಎರಡೂ ಕಡೆಯಿಂದ ಹಿಸುಕಿದ ಹಾಗೆ. ಟೈರಿನ ಬುಡ ಒಳಕ್ಕೆ ಒತ್ತಿಕೊಂಡಿತು, ನಡುವಿನ ತಲೆ ಮೇಲೆದ್ದಿತು. ಅಗಲದ ಟೈರ್ ಹಾಕುವುದು ನೆಲಕ್ಕೆ ಜಾಸ್ತಿ ರಬ್ಬರ್ ತಾಗಲಿ ಅಂತ ತಾನೇ? ಹಿಸುಕಿದ ಟೈರು ನೇರ ಹೋಗುವಾಗ ನಡುವಿನ ಸಣ್ಣ ಪಟ್ಟಿಯ ಮೇಲೆ ಮಾತ್ರ ಓಡುತ್ತದೆ. ಎರಡು ತಿಂಗಳಲ್ಲೇ ನಡು ಸವೆದು ಮಗ್ಗುಲು ಹೊಸದರಂತೆ ಉಳಿಯುತ್ತದೆ. ಗಾಡಿ ವಾಲಿಸಿದಾಗ ಒಮ್ಮೆಗೇ ಬಿದ್ದಂತಾಗುತ್ತದೆ. ದುಡ್ಡು ಕೊಟ್ಟು ಗ್ರಿಪ್ ಕಡಿಮೆ ಮಾಡಿಕೊಂಡ ಲೆಕ್ಕ.

ಇದರ ಉಲ್ಟಾ ತಪ್ಪು ಮಾಡುವವರು ಕಡಿಮೆ, ಆದರೂ ಇದ್ದಾರೆ. ಅಗಲ ರಿಮ್ಮಿಗೆ ಸಣ್ಣ ಟೈರ್ ಹಾಕಿದರೆ ಅದು ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ರಿಮ್ಮಿನ ಅಂಚು ಹೊರಗೆ ಕಾಣುತ್ತದೆ. ಮೊದಲ ತಗ್ಗಿಗೇ ರಿಮ್ ಸೊಟ್ಟ.

ಹೆಜ್ಜೆ 3: ಸಂದು ಅಳೆಯಿರಿ

ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ. ಕೈಯಲ್ಲಿ ಒಂದು ಸ್ಕೇಲ್, ಮೊಬೈಲ್ ಟಾರ್ಚ್. ಹಿಂದಿನ ಗಾಲಿಯ ಸುತ್ತ ಟೈರಿಗೆ ಹತ್ತಿರ ಇರುವುದೆಲ್ಲ ನೋಡಿ: ಚೈನು, ಚೈನ್ ಕವರ್, ಸ್ವಿಂಗ್‌ಆರ್ಮಿನ (ಹಿಂದಿನ ಗಾಲಿ ಹಿಡಿದಿರುವ ಕವಲಿನ) ಎರಡೂ ತೋಳು, ಅದರ ಮುಂದಿನ ಅಡ್ಡಪಟ್ಟಿ, ಬ್ರೇಕ್ ರಾಡು, ಮಡ್‌ಗಾರ್ಡಿನ ಒಳಗಿನ ಬೋಲ್ಟುಗಳ ತುದಿ. ಗಾಲಿಯನ್ನು ನಿಧಾನ ತಿರುಗಿಸಿ. ಎಲ್ಲಿ ಸಂದು ಎಲ್ಲಕ್ಕಿಂತ ಕಡಿಮೆಯೋ ಅಲ್ಲಿ ಅಳೆದು ಬರೆದುಕೊಳ್ಳಿ.

ಈಗ ಲೆಕ್ಕ ಸುಲಭ. 100ರಿಂದ 110ಕ್ಕೆ ಹೋದರೆ ಪ್ರತಿ ಮಗ್ಗುಲಿಗೆ 5 ಎಂಎಂ ಕಡಿಮೆಯಾಗುತ್ತದೆ. 130ಕ್ಕೆ ಹೋದರೆ 15. ನನ್ನ ಗಾಡಿಯಲ್ಲಿ ಚೈನಿಗೂ ಟೈರಿಗೂ ಇದ್ದದ್ದು 14. ಇಷ್ಟು ಸಣ್ಣ ಲೆಕ್ಕ ಅಂಗಡಿಗೆ ಹೋಗುವ ಮುಂಚೆ ಮಾಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಕಿರುಬೆರಳು ಸಲೀಸಾಗಿ ಹೋಗುವಷ್ಟಾದರೂ ಸಂದು ಉಳಿಯಬೇಕು, ಇದು ನನ್ನ ಅಳತೆ. ಯಾಕೆಂದರೆ ಓಡುವಾಗ ಚೈನ್ ಕುಣಿಯುತ್ತದೆ, ಟೈರ್ ಕೂಡ ತುಸು ಉಬ್ಬುತ್ತದೆ. ಒಂದೇ ಅಳತೆಯ ಟೈರು ಕಂಪನಿಯಿಂದ ಕಂಪನಿಗೆ ಕೆಲವು ಮಿಲಿಮೀಟರ್ ಆಚೀಚೆ ಇರುತ್ತದೆ. ನೀವು ಅಳೆದದ್ದು ಸವೆದ ಹಳೆ ಟೈರು, ಬರುವುದು ತುಂಬಿದ ಹೊಸ ಟೈರು. ಇನ್ನೊಂದು ವಿಷಯ: ಚೈನ್ ಹಳೆಯದಾಗಿ ಉದ್ದವಾದಂತೆ ಗಾಲಿಯನ್ನು ಹಿಂದೆ ಸರಿಸುತ್ತ ಬಂದಿರುತ್ತೀರಿ. ಹೊಸ ಚೈನ್ ಹಾಕಿದ ದಿನ ಗಾಲಿ ಮುಂದೆ ಬರುತ್ತದೆ. ಆಗ ಮುಂದಿನ ಅಡ್ಡಪಟ್ಟಿಗೆ ತಾಗಬಹುದು.

ಮೇಲಿನ ಸಂದು, ಅಂದರೆ ಮಡ್‌ಗಾರ್ಡಿನ ಒಳಗೆ, ಸ್ಕೇಲಿನಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಗಾಡಿ ನಿಂತಾಗ ಮೂರು ಇಂಚು ಕಾಣುವುದು, ಇಬ್ಬರು ಕೂತು ಹಂಪ್ ಹಾರಿದಾಗ ಅರ್ಧ ಇಂಚಿಗೆ ಬಂದಿರುತ್ತದೆ. ಇದಕ್ಕೊಂದು ಮನೆಮದ್ದು ಇದೆ. ಚಪಾತಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನಷ್ಟು ಉಂಡೆ ಮಾಡಿ. ಮಡ್‌ಗಾರ್ಡಿನ ಒಳಮೈ ಒರೆಸಿ ಟೈರಿನ ನೇರ ಮೇಲೆ ಒತ್ತಿ ಅಂಟಿಸಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಓಣಿಯ ಹಂಪನ್ನು ಎರಡು ಸಲ ದಾಟಿ ಬನ್ನಿ. ಉಂಡೆ ಚಪ್ಪಟೆಯಾಗಿ ಎಷ್ಟು ದಪ್ಪ ಉಳಿದಿದೆಯೋ ಅದೇ ನಿಮ್ಮ ನಿಜವಾದ ಸಂದು. ಮನೆಯಲ್ಲಿ ಬೈಸಿಕೊಳ್ಳುವುದು ಬೇರೆ ಮಾತು.

ಎರೆಹೊಲಕ್ಕೆ ಹೋಗುವವರು ಇದನ್ನು ಓದಲೇಬೇಕು

ಧಾರವಾಡದ ಪಡುವಣ ಕಡೆ, ಕಲಘಟಗಿ, ಅಳ್ನಾವರದತ್ತ ನೆಲ ಕೆಂಪು. ಮಳೆ ನಿಂತರೆ ಒಂದೆರಡು ತಾಸಿಗೆ ದಾರಿ ತೆರೆಯುತ್ತದೆ. ಮೂಡಣಕ್ಕೆ ನವಲಗುಂದ, ಅಣ್ಣಿಗೇರಿ, ಗದಗಿನತ್ತ ಹೋದರೆ ಕಪ್ಪು ಎರೆ. ಅದರ ಗುಣವೇ ಬೇರೆ. ನೀರು ಕುಡಿದು ಉಬ್ಬುವ ಮಣ್ಣು ಅದು. ಟೈರಿಗೆ ಒಂದು ಪದರ ಹತ್ತಿತು ಅಂದರೆ ಆ ಪದರಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು. ಹತ್ತು ಸುತ್ತು ತಿರುಗುವುದರಲ್ಲಿ ಗ್ರಿಪ್ಪಿನ ಗೀರುಗಳೆಲ್ಲ ಮುಚ್ಚಿ ಟೈರು ನುಣ್ಣನೆ ಕಂಬಳಿ ಹೊದ್ದಂತಾಗುತ್ತದೆ. ಆಮೇಲೆ ಮಣ್ಣು ಮಡ್‌ಗಾರ್ಡಿನ ಒಳಗೆ ತುಂಬುತ್ತದೆ. ಕೊನೆಗೆ ಗಾಲಿ ತಿರುಗುವುದೇ ಇಲ್ಲ.

ಆ 130ರ ಟೈರಿನ ದಿನಗಳಲ್ಲೇ ಒಮ್ಮೆ ಅಣ್ಣಿಗೇರಿ ಹತ್ತಿರ ಗೆಳೆಯನ ಕಡಲೆ ಹೊಲ ನೋಡಲು ಹೋಗಿದ್ದೆ. ಹಿಂದಿನ ರಾತ್ರಿ ಅಕಾಲದ ಮಳೆ. ಡಾಂಬರು ಬಿಟ್ಟು ನೂರು ಮಾರು ಹೋಗಿಲ್ಲ, ಗಾಡಿ ನಿಂತಿತು. ಎಂಜಿನ್ ಕೂಗುತ್ತದೆ, ಗಾಲಿ ಅಲ್ಲಾಡುವುದಿಲ್ಲ. ದಾರಿಯಲ್ಲಿ ಬರುತ್ತಿದ್ದ ಹಿರಿಯರೊಬ್ಬರು ನಿಂತು ನೋಡಿದರು. "ತಮ್ಮಾ, ನಿನ್ನ ಗಾಡಿ ಹೊಟ್ಟಿ ತುಂಬ ಉಂಡೈತಿ. ಇನ್ನ ಏಳೂದಿಲ್ಲ," ಅಂದರು. ಬದುವಿನಿಂದ ಒಂದು ಹತ್ತಿ ಕಟಿಗಿ ಕಿತ್ತು ಕೈಗೆ ಕೊಟ್ಟರು. ಅದರ ತುದಿಯಿಂದ ಮಡ್‌ಗಾರ್ಡಿನ ಒಳಗಿನ ಮಣ್ಣು ಬಗೆದು ಬಗೆದು ತೆಗೆದೆ, ಮುಕ್ಕಾಲು ತಾಸು. ಅವರ ಗಾಡಿ ಹಳೆಯ 100 ಸಿಸಿ, ಎರಡೂ ಕಡೆ ಸಣ್ಣ ಟೈರು, ಮುಂದಿನ ಮಡ್‌ಗಾರ್ಡ್ ಬಿಚ್ಚಿ ಮನೆಯಲ್ಲಿಟ್ಟಿದ್ದರು. ಮಣ್ಣು ಹತ್ತುತ್ತಿತ್ತು, ಸಂದಿನಿಂದ ಉದುರುತ್ತಿತ್ತು, ಮತ್ತೆ ಹತ್ತುತ್ತಿತ್ತು. ಆದರೆ ನಿಲ್ಲಲಿಲ್ಲ.

ಎರೆಮಣ್ಣಿನಲ್ಲಿ ಕೆಲಸ ಮಾಡುವುದು ಟೈರಿನ ಅಗಲವಲ್ಲ, ಟೈರಿನ ಸುತ್ತ ಇರುವ ಖಾಲಿ ಜಾಗ. ಹೊಲದ ಕೆಲಸಕ್ಕೆ ಗಾಡಿ ಇಟ್ಟವರು ಕಂಪನಿ ಕೊಟ್ಟ ಅಳತೆ ಬಿಟ್ಟು ಒಂದು ಕೂದಲೂ ಮೇಲೆ ಹೋಗಬೇಡಿ. ಬದಲಾಯಿಸಬೇಕಾದ್ದು ಗ್ರಿಪ್ಪಿನ ವಿನ್ಯಾಸ: ದೂರ ದೂರ ಗಟ್ಟಿ ಗಡ್ಡೆಗಳಿರುವ ಟೈರು ಮಣ್ಣನ್ನು ತಾನೇ ಕೊಡವಿಕೊಳ್ಳುತ್ತದೆ. ಆದರೆ ಅದೇ ಟೈರು ಸಿಮೆಂಟ್ ರಸ್ತೆಯಲ್ಲಿ ಗುಂಯ್ ಅನ್ನುತ್ತದೆ, ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದರೆ ಜಾರುತ್ತದೆ. ತಿಂಗಳಿಗೊಮ್ಮೆ ಹೊಲಕ್ಕೆ ಹೋಗುವವರಿಗೆ ಇದು ಬೇಡ. ಅವರು ಗಾಡಿಯನ್ನು ಡಾಂಬರಿನ ಮೇಲೆ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದುಬಿಡುವುದು ವಾಸಿ.

ಹೆಜ್ಜೆ 4: ಗಾಲಿಯ ಒಟ್ಟು ಎತ್ತರ ಲೆಕ್ಕ ಹಾಕಿ

ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ. ಅದಕ್ಕೆ ಟೈರಿನ ಗೋಡೆಯ ಎತ್ತರವನ್ನು ಎರಡು ಸಲ ಕೂಡಿಸಿ. ಅಷ್ಟೇ.

100/90-17: 17 ಗುಣಿಸು 25.4 ಅಂದರೆ 431.8. ಅದಕ್ಕೆ 90 ಮತ್ತು 90. ಒಟ್ಟು 611.8 ಎಂಎಂ. ಇದರ ಪಕ್ಕ ಬೇರೆ ಅಳತೆಗಳನ್ನು ಇಟ್ಟು ನೋಡಿ. 110/80-17 ಅಂದರೆ 607.8, ಹಳೆಯದಕ್ಕಿಂತ ಒಂದು ಕೂದಲು ಕಡಿಮೆ. 120/80-17 ಅಂದರೆ 623.8, ಶೇ 2 ಜಾಸ್ತಿ. 110/90-17 ಅಂದರೆ 629.8, ಹತ್ತಿರ ಹತ್ತಿರ ಶೇ 3 ಜಾಸ್ತಿ. ನನ್ನ 130/70-17 ಬರೀ 613.8. ಎತ್ತರದ ಲೆಕ್ಕದಲ್ಲಿ ನಾನು ಪಾಸ್, ಅಗಲದ ಲೆಕ್ಕದಲ್ಲಿ ಫೇಲ್. 18 ಇಂಚಿನವರಿಗೆ: 80/100-18 ಅಂದರೆ 617.2, 90/90-18 ಅಂದರೆ 619.2, 100/90-18 ಅಂದರೆ 637.2.

ವ್ಯತ್ಯಾಸ ಶೇ 2ರೊಳಗೆ ಇದ್ದರೆ ಚಿಂತೆ ಬೇಡ. ಶೇ 3 ದಾಟಿದರೆ ಬೇಡವೇ ಬೇಡ. ಗಾಲಿ ದೊಡ್ಡದಾದರೆ ಗಾಡಿಯ ಎಳೆತ ಕಡಿಮೆಯಾಗುತ್ತದೆ. ಒಂದು ಹಲ್ಲು ಕಡಿಮೆ ಇರುವ ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಹಾಕಿದಂತೆ. ನೃಪತುಂಗ ಬೆಟ್ಟ ಹತ್ತುವಾಗ ಮೂರನೇ ಗೇರಿನಲ್ಲಿ ಹೋಗುತ್ತಿದ್ದವರು ಎರಡಕ್ಕೆ ಇಳಿಸಬೇಕಾಗುತ್ತದೆ.

ಮೀಟರಿನ ಮಾತು. ಸ್ಪೀಡೋಮೀಟರಿಗೆ ಮುಂದಿನ ಗಾಲಿಯಿಂದ ಲೆಕ್ಕ ಹೋಗುವ ಗಾಡಿಯಾದರೆ ಹಿಂದಿನ ಟೈರ್ ಬದಲಿಸಿದ್ದು ಮೀಟರಿಗೆ ಗೊತ್ತೇ ಆಗುವುದಿಲ್ಲ. ಲೆಕ್ಕ ಹಿಂದಿನ ಗಾಲಿಯಿಂದ ಅಥವಾ ಗೇರ್‌ಬಾಕ್ಸಿನಿಂದ ಹೋಗುತ್ತಿದ್ದು, ಗಾಲಿ ಶೇ 3 ದೊಡ್ಡದಾದರೆ, ಮೀಟರ್ 60 ತೋರಿಸುವಾಗ ನೀವು 62ರ ಹತ್ತಿರ ಇರುತ್ತೀರಿ. ಕಿಲೋಮೀಟರ್ ಕೂಡ ಕಡಿಮೆ ದಾಖಲಾಗುತ್ತದೆ. 'ದಪ್ಪ ಟೈರ್ ಹಾಕಿದ ಮೇಲೆ ಮೈಲೇಜ್ ಬಿತ್ತು' ಅನ್ನುವವರ ದೂರಿನಲ್ಲಿ ಒಂದು ಪಾಲು ಬರೀ ಮೀಟರಿನ ಸುಳ್ಳು. ಉಳಿದ ಪಾಲು ನಿಜ. ಅಗಲದ ಟೈರು ಭಾರ ಇರುತ್ತದೆ, ಉರುಳಲು ಜಾಸ್ತಿ ಪೆಟ್ರೋಲ್ ಕೇಳುತ್ತದೆ.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಹೊಸ ಬೈಕುಗಳಿಗೆಲ್ಲ ಎಬಿಎಸ್, ಅಂದರೆ ಜೋರು ಬ್ರೇಕ್ ಹಿಡಿದಾಗ ಗಾಲಿ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ, ಕಡ್ಡಾಯ. ಎರಡೂ ಗಾಲಿಗೆ ಎಬಿಎಸ್ ಇರುವ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಯ ವೇಗವನ್ನು ಕಂಪ್ಯೂಟರ್ ಹೋಲಿಸುತ್ತ ಇರುತ್ತದೆ. ಒಂದನ್ನೇ ತೀರಾ ದೊಡ್ಡದು ಮಾಡಿದರೆ ಅದರ ಲೆಕ್ಕ ಕೆಡುತ್ತದೆ. ಅಂಥ ಗಾಡಿಯಲ್ಲಿ ಮೂಲ ಅಳತೆಯಲ್ಲೇ ಇರಿ.

ಹೆಜ್ಜೆ 5: ಗಾಲಿಯ ಇಂಚನ್ನೇ ಬದಲಿಸುವ ಆಸೆ ಇದ್ದರೆ

17 ತೆಗೆದು 18 ಅಥವಾ 19 ಹಾಕಿಸಬಹುದೇ ಅಂತ ಕೇಳುವವರಿದ್ದಾರೆ. ನನ್ನ ಉತ್ತರ ಒಂದೇ: ಆ ಇಂಚಿನ ಗಾಡಿಯನ್ನೇ ಕೊಳ್ಳಿ.

ಕಾರಣ ಇದೆ. ರಾಯಲ್ ಎನ್‌ಫೀಲ್ಡಿನ ಎರಡು 350 ಸಿಸಿ ಗಾಡಿ ನೋಡಿ. ಎರಡಕ್ಕೂ ಎಂಜಿನ್ ಒಂದೇ ಬಗೆಯದು. 2021ರಲ್ಲಿ ಬಂದ ಕ್ಲಾಸಿಕ್‌ಗೆ ಮುಂದೆ 100/90-19, ಹಿಂದೆ 120/80-18. ಅಲಾಯ್ ಗಾಲಿಯ ಹಂಟರ್‌ಗೆ ಮುಂದೆ 110/70-17, ಹಿಂದೆ 140/70-17. ಮುಂದಿನ ಗಾಲಿಯ ಎತ್ತರ ಲೆಕ್ಕ ಹಾಕಿದರೆ ಕ್ಲಾಸಿಕ್‌ದು 662.6 ಎಂಎಂ, ಹಂಟರ್‌ದು 585.8. ಮೂರು ಇಂಚು ವ್ಯತ್ಯಾಸ! ಒಂದು ಗಾಡಿ ಊರೊಳಗೆ ಚುರುಕಾಗಿ ತಿರುಗಲಿ ಅಂತ, ಇನ್ನೊಂದು ನೇರ ದಾರಿಯಲ್ಲಿ ಗಂಭೀರವಾಗಿ ಹೋಗಲಿ ಅಂತ. ಆದರೆ ಗಾಲಿ ಒಂದನ್ನೇ ಬೇರೆ ಮಾಡಿಲ್ಲ. ಫೋರ್ಕಿನ ಕೋನ, ಚಾಸಿ, ಶಾಕ್, ಸ್ಟ್ಯಾಂಡು ಎಲ್ಲ ಗಾಲಿಗೆ ತಕ್ಕಂತೆ ಬೇರೆ. ನೀವು ಗಾಲಿ ಮಾತ್ರ ಬದಲಿಸಿದರೆ ಹ್ಯಾಂಡಲಿನ ನಡತೆ ಬದಲಾಗುತ್ತದೆ, ಸೈಡ್ ಸ್ಟ್ಯಾಂಡ್ ಹಾಕಿದಾಗ ಗಾಡಿ ತೀರಾ ವಾಲುತ್ತದೆ ಅಥವಾ ತೀರಾ ನೆಟ್ಟಗೆ ನಿಲ್ಲುತ್ತದೆ, ಹಬ್ಬು, ಕಡ್ಡಿ, ಡಿಸ್ಕು ಹೊಂದಿಸಲು ಲೇತ್ ಅಂಗಡಿ ಅಲೆಯಬೇಕು. ಜೊತೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಮಾರ್ಪಾಡು ಮಾಡಬಾರದು ಅಂತ. ಅಪಘಾತವಾದ ದಿನ ವಿಮೆಯವರು ಮೊದಲು ಹುಡುಕುವುದು ಇಂಥದ್ದನ್ನೇ.

ಹೊಸ ಗಾಡಿ ಕೊಳ್ಳುವವರು ಮಾತ್ರ ಇಂಚನ್ನು ಮೊದಲು ನೋಡಬೇಕು. ದೊಡ್ಡ ಗಾಲಿ ತಗ್ಗಿನೊಳಗೆ ಕಡಿಮೆ ಇಳಿಯುತ್ತದೆ, ಅಂಚನ್ನು ಸುಲಭವಾಗಿ ಹತ್ತುತ್ತದೆ. ಸಣ್ಣ ಗಾಲಿ ಪೂರ್ತಿ ಒಳಗೆ ಬಿದ್ದು ಎದುರಿನ ಅಂಚಿಗೆ ಗುದ್ದುತ್ತದೆ. ಆಕ್ಟಿವಾದಲ್ಲಿ ಹಿಂದೆ 10 ಇಂಚು, ಅದಕ್ಕೇ ಸೊಂಟ ಹಿಡಿಯುವುದು. ದಿನಾ ಹುಬ್ಬಳ್ಳಿ–ಧಾರವಾಡ ಇಪ್ಪತ್ತು ಕಿಲೋಮೀಟರ್ ಓಡಾಡುವವರಿಗೆ 17 ಇಂಚು ಸಾಕು. ಚಿಗರಿ ಬಸ್ಸಿನ ಮೀಸಲು ಪಥದ ಪಕ್ಕದ ನಮ್ಮ ಪಾಲಿನ ರಸ್ತೆಯಲ್ಲಿ ಟ್ರಾಫಿಕ್ ನಡುವೆ ನುಸುಳಲು ಅದೇ ಚಲೋ. ಕುಂದಗೋಳ, ನವಲಗುಂದದ ಹಳ್ಳಿಗಳಿಗೆ ಬೆಳಗಾದರೆ ಹೋಗುವ ಮಾಸ್ತರು, ನರ್ಸು, ಹಾಲಿನವರಿಗೆ 18 ಇಂಚಿನ ಸಣ್ಣ ಟೈರಿನ ಗಾಡಿ. ವಾರಕ್ಕೊಮ್ಮೆ ಹಳಿಯಾಳ, ದಾಂಡೇಲಿ ಅಂತ ಕಾಡಿನ ದಾರಿ ಹಿಡಿಯುವವರಿಗೆ ಮುಂದೆ 19 ಇರಲಿ. 21 ಬೇಕಾಗುವುದು ರಸ್ತೆಯೇ ಇಲ್ಲದ ಕಡೆ ಹೋಗುವವರಿಗೆ. ಹಳೆಯ 411 ಸಿಸಿ ಹಿಮಾಲಯನ್‌ಗೆ ಮುಂದೆ 90/90-21 ಕೊಟ್ಟದ್ದು ಅದಕ್ಕೇ.

ಹೆಜ್ಜೆ 6: ಟ್ಯೂಬು ಬೇಕೋ ಬೇಡವೋ

ಅಲಾಯ್ ಗಾಲಿ, ಕಂಪನಿಯೇ ಟ್ಯೂಬ್‌ಲೆಸ್ ಕೊಟ್ಟಿದ್ದರೆ ಟ್ಯೂಬ್‌ಲೆಸ್ಸೇ ಹಾಕಿ. ಮೊಳೆ ಚುಚ್ಚಿದರೂ ಹವಾ ನಿಧಾನ ಇಳಿಯುತ್ತದೆ, ಮನೆ ಮುಟ್ಟಬಹುದು. ಸಾಮಾನ್ಯ ಕಡ್ಡಿ ಗಾಲಿಯಾದರೆ ಪ್ರತಿ ಕಡ್ಡಿಯ ತೂತಿನಿಂದ ಹವಾ ಸೋರುತ್ತದೆ, ಟ್ಯೂಬ್ ಬೇಕೇ ಬೇಕು. ಟ್ಯೂಬಿನ ಅಳತೆಯೂ ಟೈರಿಗೆ ಹೊಂದಬೇಕು. ಸಣ್ಣ ಟ್ಯೂಬನ್ನು ಹಿಗ್ಗಿಸಿ ಹಾಕಿದರೆ ಬೇಸಿಗೆಯಲ್ಲಿ ಗದಗ ರಸ್ತೆಯ ನಡುಮಧ್ಯಾಹ್ನ ಸಿಡಿಯುತ್ತದೆ.

ಹೆಜ್ಜೆ 7: ಅಂಗಡಿಯಲ್ಲಿ

ಮೊದಲು ತಾರೀಖು ನೋಡಿ. ಟೈರಿನ ಮಗ್ಗುಲಲ್ಲಿ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 3524 ಅಂದರೆ 2024ರ 35ನೇ ವಾರ. ಎರಡು ವರ್ಷಕ್ಕಿಂತ ಹಳೆಯದನ್ನು ನಾನು ತೆಗೆದುಕೊಳ್ಳುವುದಿಲ್ಲ. ಐಎಸ್‌ಐ ಗುರುತು ಇರಲಿ. ತಿರುಗುವ ದಿಕ್ಕಿನ ಬಾಣ ಇದ್ದರೆ ಗಾಡಿ ಮುಂದೆ ಹೋಗುವ ದಿಕ್ಕಿಗೆ ಕೂತಿದೆಯೇ ನೋಡಿ. ಗಡಿಬಿಡಿಯಲ್ಲಿ ಉಲ್ಟಾ ಕೂರಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಟೈರ್ ಮೇಲೆ ಹಳದಿ ಚುಕ್ಕಿ ಇದ್ದರೆ ಅದು ಹಗುರ ಜಾಗ, ವಾಲಿನ ಪಕ್ಕ ಬರಬೇಕು. ಟ್ಯೂಬ್‌ಲೆಸ್ ಆದರೆ ವಾಲನ್ನೂ ಹೊಸದು ಹಾಕಿಸಿ, ಖರ್ಚು ಏನೂ ಅಲ್ಲ.

ಹವಾ ತುಂಬಿದ ಮೇಲೆ ರಿಮ್ಮಿನ ಅಂಚಿಗೆ ಹತ್ತಿಕೊಂಡು ಟೈರಿನ ಮೇಲೆ ಒಂದು ಸಣ್ಣ ಗೆರೆ ಸುತ್ತಲೂ ಕಾಣುತ್ತದೆ. ಅದು ಎಲ್ಲ ಕಡೆ ಸಮ ಇರಬೇಕು. ಒಂದು ಕಡೆ ಒಳಗೆ ಮುಳುಗಿದ್ದರೆ ಟೈರು ಪೂರ್ತಿ ಕೂತಿಲ್ಲ. ಹವಾ ಬಿಟ್ಟು, ಸಾಬೂನು ನೀರು ಸವರಿ, ಮತ್ತೆ ತುಂಬಿಸಿ. ಎಷ್ಟು ಹವಾ ಅನ್ನುವುದು ಚೈನ್ ಕವರ್ ಅಥವಾ ಸ್ವಿಂಗ್‌ಆರ್ಮಿನ ಸ್ಟಿಕರಿನಲ್ಲಿ ಇದೆ. ಒಬ್ಬರಿದ್ದಾಗ ಒಂದು, ಇಬ್ಬರಿದ್ದಾಗ ಒಂದು. ಟೈರಿನ ಮೇಲೆ ಬರೆದ ಗರಿಷ್ಠ ಒತ್ತಡವನ್ನು ತುಂಬಿಸಬೇಡಿ, ಅದು ಮಿತಿ.

ಗಾಲಿ ವಾಪಸ್ ಕೂರಿಸಿದ ಮೇಲೆ ಸ್ವಿಂಗ್‌ಆರ್ಮಿನ ಎರಡೂ ಕಡೆಯ ಗುರುತುಗಳು ಸಮ ಇವೆಯೇ, ಚೈನಿನ ಬಿಗಿ ಸರಿ ಇದೆಯೇ, ಬ್ರೇಕ್ ರಾಡಿನ ನಟ್ ಹಾಕಿದ್ದಾರೆಯೇ ನೋಡಿ. ನಿಮ್ಮೆದುರೇ ಪಾನಾ ಹಾಕಿ ನಟ್ಟು ಬಿಗಿ ಮಾಡುವವರೆಗೆ ಅಂಗಡಿ ಬಿಡಬೇಡಿ.

ನಾನು ಕೊನೆಗೆ ಹಾಕಿದ್ದು 110/80-17. ರಿಮ್ 2.50ಕ್ಕೆ ಕೂಡುತ್ತದೆ, ಚೈನಿಗೆ 9 ಎಂಎಂ ಸಂದು ಉಳಿಯಿತು, ಎತ್ತರ 4 ಎಂಎಂ ಕಡಿಮೆ. ಮುಂದಿನದನ್ನು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ. ಮುಂದೆ ಅಗಲ ಮಾಡಿದರೆ ಹ್ಯಾಂಡಲ್ ಭಾರವಾಗುತ್ತದೆ, ಫೋರ್ಕಿನ ನಡುವೆ ಜಾಗವೂ ಇರುವುದಿಲ್ಲ. ಹೊಸ ಟೈರಿನ ಮೈ ಜಾರು ಇರುತ್ತದೆ, ಮೊದಲ 150 ಕಿಲೋಮೀಟರ್ ತಿರುವಿನಲ್ಲಿ, ಮಳೆಯಲ್ಲಿ ಮೆಲ್ಲಗೆ ಹೋಗಿ.

ವಾರ ಕಳೆದ ಮೇಲೆ ಮತ್ತೊಮ್ಮೆ ಟಾರ್ಚ್ ಹಿಡಿದು ಬಗ್ಗಿ ನೋಡಿ. ಟೈರಿನ ಮಗ್ಗುಲಲ್ಲಿ ಹೊಳೆಯುವ ಗೆರೆ, ಮಡ್‌ಗಾರ್ಡಿನ ಒಳಗೆ ಕಪ್ಪು ತಿಕ್ಕಿದ ಗುರುತು ಎಲ್ಲಾದರೂ ಇದ್ದರೆ ಅಳತೆ ತಪ್ಪಿದೆ ಅಂತಲೇ. ಹಾಗೇ ಆ ಚಪಾತಿ ಹಿಟ್ಟಿನ ಉಂಡೆ ಕಿತ್ತು ತೆಗೆದಿರಾ ನೋಡಿ. ನಾನು ಮರೆತಿದ್ದೆ. ನಾಲ್ಕನೇ ದಿನ ಸೀಟಿನ ಕೆಳಗಿನಿಂದ ಇರುವೆಗಳ ಸಾಲು ಹೊರಟಿತ್ತು.